ರಾವಣನಾಗಿ ಬಂದವರು, ಅಪ್ಪನಾಗಿ ಉಳಿದವರು

ಮಾರ್ಚ್ 3 ಬಂತೆಂದರೆ ಫೇಸ್‌ಬುಕ್ ತುಂಬಾ ಒಂದೇ ಸುದ್ದಿ. ಕನ್ನಡದ ಮೊದಲ ಟಾಕಿ (ಮಾತಿನ ಚಿತ್ರ) 'ಸತಿ ಸುಲೋಚನಾ' 1934ರಲ್ಲಿ ಇದೇ ದಿನ ಬೆಂಗಳೂರಿನಲ್ಲಿ ಬಿಡುಗಡೆ ಆಯಿತು ಅಂತ. ನಾಯಕ ಎಂ.ವಿ. ಸುಬ್ಬಯ್ಯನಾಯ್ಡು, ನಾಯಕಿ ತ್ರಿಪುರಾಂಬ, ನಿರ್ದೇಶಕ ವೈ.ವಿ. ರಾವ್. ಇವರೆಲ್ಲ ಆದ ಮೇಲೆ ಆರ್. ನಾಗೇಂದ್ರರಾವ್ ಹೆಸರು. ರಾವಣನ ಪಾತ್ರ, ಸಂಗೀತದಲ್ಲೂ ಪಾಲು. ಅಷ್ಟು ಬರೆದರೆ ಮುಗಿಯಿತು. ಆಮೇಲೆ ಮುಂದಿನ ಮಾರ್ಚ್‌ವರೆಗೆ ಅವರ ಸುದ್ದಿಯೇ ಇಲ್ಲ.

ನನಗೆ ಇದು ಸರಿ ಅನಿಸುವುದಿಲ್ಲ. ನಾಗೇಂದ್ರರಾಯರು ದೊಡ್ಡವರಾದದ್ದು ಮೊದಲ ಚಿತ್ರದಲ್ಲಿ ಇದ್ದರು ಅನ್ನುವ ಕಾರಣಕ್ಕಲ್ಲ. ಆ ಚಿತ್ರ ಆದ ಮೇಲೆ ಮೂವತ್ತು ನಲವತ್ತು ವರ್ಷ ಅವರು ಏನು ಮಾಡಿದರು ಅನ್ನುವುದಕ್ಕೆ. 'ಸತಿ ಸುಲೋಚನಾ'ದ ಒಂದು ಪ್ರಿಂಟ್ ಕೂಡ ಉಳಿದಿಲ್ಲ. ಇವತ್ತು ಅದರ ಬಗ್ಗೆ ಬರೆಯುವ ನಾವ್ಯಾರೂ ಅದನ್ನು ನೋಡಿದವರಲ್ಲ. ನೋಡಲಾಗದ ಚಿತ್ರಕ್ಕಾಗಿ ಒಬ್ಬ ನಟನನ್ನು ಹೊಗಳುತ್ತೇವೆ, ನೋಡಬಹುದಾದ ಚಿತ್ರಗಳಲ್ಲಿ ಅವರನ್ನು ಗಮನಿಸುವುದೇ ಇಲ್ಲ.

ಹುಟ್ಟಿದ್ದು 1896ರಲ್ಲಿ, ಚಿತ್ರದುರ್ಗದ ಕಡೆಯ ಹೊಳಲ್ಕೆರೆಯಲ್ಲಿ. ಚಿಕ್ಕ ಹುಡುಗನಾಗಿದ್ದಾಗಲೇ ನಾಟಕಕ್ಕೆ ಬಂದರು. ಆಗ ನಟನಿಗೆ ಶಾಲೆ ಅಂದರೆ ನಾಟಕ ಕಂಪನಿಯೇ. ಅಭಿನಯದ ಜೊತೆ ಸಂಗೀತ ಕಲಿಯಲೇಬೇಕು. ಕಂದ ಪದ್ಯ ಹೇಳುವಾಗ ಉಸಿರು ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಗೊತ್ತಿರಬೇಕು. ಮೈಕ್ ಇಲ್ಲದ ಕಾಲ. ನೆಲದ ಮೇಲೆ ಚಾಪೆ ಹಾಕಿ ಕೊನೆಯಲ್ಲಿ ಕೂತವನಿಗೂ ಮಾತು ಕೇಳಬೇಕು. 'ಒನ್ಸ್ ಮೋರ್' ಅಂತ ಜನ ಕೂಗಿದರೆ ಸತ್ತುಬಿದ್ದ ಪಾತ್ರವೂ ಎದ್ದು ಇನ್ನೊಮ್ಮೆ ಹಾಡಬೇಕು. ಗಂಟಲೇ ಬಂಡವಾಳ.

ಅಂಥ ಗಂಟಲು ಇದ್ದವರನ್ನೇ ಟಾಕಿ ಹುಡುಕಿಕೊಂಡು ಬಂತು. 1931ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ 'ಆಲಂ ಆರಾ' ಬಂದ ಮೇಲೆ ದೇಶದಲ್ಲೆಲ್ಲ ಮಾತಾಡುವ, ಹಾಡುವ ಚಿತ್ರಗಳ ಭರಾಟೆ. ಹಿನ್ನೆಲೆ ಗಾಯನ ಅನ್ನುವುದು ಇನ್ನೂ ಬಂದಿರಲಿಲ್ಲ. ಕ್ಯಾಮೆರಾ ಮುಂದೆ ನಿಂತವರೇ ಹಾಡಬೇಕು, ಅದೂ ಶೂಟಿಂಗ್ ನಡೆಯುವಾಗಲೇ. ವಾದ್ಯದವರು ಕ್ಯಾಮೆರಾಗೆ ಕಾಣದ ಹಾಗೆ ಪಕ್ಕದಲ್ಲೇ ಕೂತು ನುಡಿಸಬೇಕು. ಹಾಡಲು ಬಾರದ ಸುಂದರಾಂಗನಿಗೆ ಅಲ್ಲಿ ಕೆಲಸ ಕಷ್ಟ. ಕಂಪನಿ ನಾಟಕದ ನಟರಿಗೆ ಬಾಗಿಲು ತೆರೆದದ್ದು ಹೀಗೆ. ಕನ್ನಡದಲ್ಲಿ ಟಾಕಿ ಬರುವ ಮೊದಲೇ ನಾಗೇಂದ್ರರಾಯರು ಮುಂಬೈಗೆ ಹೋಗಿ, 1932ರ 'ಪಾರಿಜಾತ ಪುಷ್ಪಾಪಹರಣಂ' ಅನ್ನುವ ತಮಿಳು ಟಾಕಿಯಲ್ಲಿ ನಾರದನಾಗಿದ್ದರು. ಅಂದರೆ ಕನ್ನಡದವರು ಟಾಕಿ ಮಾಡಲು ಹೊರಟಾಗ, ಮೈಕ್ ಮುಂದೆ ನಿಂತು ಅಭ್ಯಾಸ ಇದ್ದ ಕನ್ನಡ ನಟರೊಬ್ಬರು ಆಗಲೇ ಸಿದ್ಧವಾಗಿದ್ದರು!

'ಸತಿ ಸುಲೋಚನಾ' ತಯಾರಾದ ಕಥೆ ಹೆಚ್ಚಿನವರಿಗೆ ಗೊತ್ತು. ಬೆಂಗಳೂರಿನ ವ್ಯಾಪಾರಿ ಚಮನ್‌ಲಾಲ್ ಡುಂಗಾಜಿ ಸೌತ್ ಇಂಡಿಯಾ ಮೂವಿಟೋನ್ ಅನ್ನುವ ಸಂಸ್ಥೆ ಕಟ್ಟಿ ದುಡ್ಡು ಹಾಕಿದರು. ಬೆಳ್ಳಾವೆ ನರಹರಿಶಾಸ್ತ್ರಿಗಳು ಬರೆದರು. ನಮ್ಮಲ್ಲಿ ಆಗ ಸೌಂಡ್ ಸ್ಟುಡಿಯೋ ಇರಲಿಲ್ಲ, ಹಾಗಾಗಿ ಕೊಲ್ಹಾಪುರದ ಛತ್ರಪತಿ ಸಿನಿಟೋನ್‌ನಲ್ಲಿ ಶೂಟಿಂಗ್. ಖರ್ಚು ಸುಮಾರು 40,000 ರೂಪಾಯಿ. ಸುಬ್ಬಯ್ಯನಾಯ್ಡು ಇಂದ್ರಜಿತು, ನಾಗೇಂದ್ರರಾವ್ ರಾವಣ, ಲಕ್ಷ್ಮೀಬಾಯಿ ಮಂಡೋದರಿ. ನಿರ್ದೇಶಕ ವೈ.ವಿ. ರಾವ್ ತಾವೇ ಲಕ್ಷ್ಮಣ. (ನಟಿ ಲಕ್ಷ್ಮಿ ಅವರ ತಂದೆ ಇವರೇ.) ಸಂಗೀತದ ಹೊಣೆಯನ್ನು ನಾಗೇಂದ್ರರಾಯರು ಎಚ್.ಆರ್. ಪದ್ಮನಾಭ ಶಾಸ್ತ್ರಿಗಳ ಜೊತೆ ಹಂಚಿಕೊಂಡರು. ಪರ ಊರಿನಲ್ಲಿ ಹಗಲೆಲ್ಲ ರಾವಣನ ಕಿರೀಟ ಹೊತ್ತುಕೊಂಡು, ಜೊತೆಗೆ ಉಳಿದವರ ಹಾಡುಗಳ ಶ್ರುತಿಯನ್ನೂ ನೋಡಿಕೊಳ್ಳುವ ಕೆಲಸ. ಸುಮ್ನೆ ಯೋಚನೆ ಮಾಡಿ.

ಸುಬ್ಬಯ್ಯನಾಯ್ಡು ಅವರ ಜೊತೆಗಿನ ಸಂಬಂಧ ಹೇಳದೆ ನಾಗೇಂದ್ರರಾಯರ ಕಥೆ ಹೇಳಲು ಆಗುವುದಿಲ್ಲ. ಇಬ್ಬರೂ ಸೇರಿ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿ ನಡೆಸಿದರು. ಒಂದೇ ಕಂಪನಿಯಲ್ಲಿ ಇಬ್ಬರು ದೊಡ್ಡ ನಟರು ಬಾಳುವುದೇ ಕಷ್ಟ ಅಂತಾರೆ. ಇವರು ಕಂಪನಿಯಲ್ಲೂ ಸಿನಿಮಾದಲ್ಲೂ ವರ್ಷಗಟ್ಟಲೆ ಜೊತೆಗಿದ್ದರು. ಇವರ 'ಭೂಕೈಲಾಸ' ನಾಟಕ ಎಷ್ಟು ಹೆಸರು ಮಾಡಿತ್ತು ಅಂದರೆ, ನಿರ್ಮಾಪಕ ಎ.ವಿ. ಮೇಯಪ್ಪನ್ ಅದನ್ನು 1940ರಲ್ಲಿ ತೆಲುಗಿನಲ್ಲಿ ಸಿನಿಮಾ ಮಾಡಿದಾಗ ಪಾತ್ರಧಾರಿಗಳನ್ನು ಬದಲಿಸಲೇ ಇಲ್ಲ. ಸುಬ್ಬಯ್ಯನಾಯ್ಡು ರಾವಣ, ನಾಗೇಂದ್ರರಾವ್ ನಾರದ, ಲಕ್ಷ್ಮೀಬಾಯಿ ಮಂಡೋದರಿ. ಕನ್ನಡ ಕಂಪನಿಯ ನಟರು ತೆಲುಗು ಮಾತಾಡಿ ತೆಲುಗು ಜನರನ್ನು ಗೆದ್ದರು. ಬೇರೆ ಭಾಷೆಯ ನಟರು ನಮ್ಮಲ್ಲಿಗೆ ಬಂದದ್ದನ್ನೇ ಎಣಿಸುತ್ತಾ ಕೂರುವ ನಾವು ಇದನ್ನು ಎಲ್ಲಾದರೂ ಹೆಮ್ಮೆಯಿಂದ ಹೇಳಿಕೊಂಡಿದ್ದೇವಾ?

ಮರುವರ್ಷ 'ವಸಂತಸೇನಾ'. ಸುಬ್ಬಯ್ಯನಾಯ್ಡು ಚಾರುದತ್ತ, ನಾಗೇಂದ್ರರಾವ್ ಶಕಾರ. ರಾಜನ ಭಾಮೈದ ಎಂಬ ಸೊಕ್ಕು ಬಿಟ್ಟರೆ ಬೇರೇನೂ ಇಲ್ಲದ ದಡ್ಡ. ನಗಿಸಬೇಕು, ಅದೇ ಹೊತ್ತಿಗೆ ಅವನ ಕೈಯಲ್ಲಿ ಅಧಿಕಾರ ಇದೆ ಅನ್ನುವ ಭಯವೂ ಹುಟ್ಟಬೇಕು. ಕಂಪನಿ ನಾಟಕದ ಖಳರಿಗೆ ಇದು ಕರಗತವಾಗಿತ್ತು. 1943ರಲ್ಲಿ 'ಸತ್ಯ ಹರಿಶ್ಚಂದ್ರ'. ಇದನ್ನು ನಾಗೇಂದ್ರರಾಯರೇ ನಿರ್ದೇಶಿಸಿದರು. ಇದೇ ಚಿತ್ರಕ್ಕೆ ಮರುವರ್ಷ ಮೇಯಪ್ಪನ್ ಅವರು ತಮಿಳು ಮಾತು ಕೂರಿಸಿ ಬಿಡುಗಡೆ ಮಾಡಿದರು. ಭಾರತದ ಮೊದಲ ಡಬ್ಬಿಂಗ್ ಚಿತ್ರ ಅಂತ ಸಾಮಾನ್ಯವಾಗಿ ಹೇಳುವುದು ಇದನ್ನೇ. ಮೂಲ ಕನ್ನಡದ್ದು! ಆಮೇಲೆ 1947ರಲ್ಲಿ 'ಮಹಾತ್ಮಾ ಕಬೀರ್'. ಮತ್ತೆ ಇವರದೇ ನಿರ್ದೇಶನ, ಮತ್ತೆ ಸುಬ್ಬಯ್ಯನಾಯ್ಡು ಅವರೇ ಕಬೀರ.

ಇಲ್ಲಿ ಒಂದು ವಿಷಯ ನನಗೆ ತುಂಬಾ ಇಷ್ಟ. ನಿರ್ದೇಶನ ತಮ್ಮ ಕೈಯಲ್ಲೇ ಇದ್ದರೂ ಮುಖ್ಯ ಪಾತ್ರವನ್ನು ಗೆಳೆಯನಿಗೆ ಕೊಡುತ್ತಿದ್ದರು. ಹರಿಶ್ಚಂದ್ರನೂ ಸುಬ್ಬಯ್ಯನಾಯ್ಡು ಅವರೇ, ಕಬೀರನೂ ಅವರೇ. ಯಾವ ಪಾತ್ರಕ್ಕೆ ಯಾರು ಸರಿ ಅನ್ನುವುದನ್ನು ಕಂಪನಿಯ ಯಜಮಾನನ ಕಣ್ಣಿನಿಂದ ನೋಡಿದವರು ನಾಗೇಂದ್ರರಾಯರು. ಕಂಪನಿಯಲ್ಲಿ ಆಟ ಗೆದ್ದರೆ ಎಲ್ಲರಿಗೂ ಊಟ. ಆ ಬುದ್ಧಿ ಅವರಲ್ಲಿ ಕೊನೆಯವರೆಗೂ ಇತ್ತು ಅಂತ ನನ್ನ ನಂಬಿಕೆ.

ತಮಿಳರಿಗೆ ಅವರು ಬೇರೆಯೇ ಮನುಷ್ಯ. 1949ರ ಜೆಮಿನಿ ಸ್ಟುಡಿಯೋ ಚಿತ್ರ 'ಅಪೂರ್ವ ಸಹೋದರರ್‌ಗಳ್'ನ ಖಳನಾಯಕ ಇವರೇ. 1953ರಲ್ಲಿ 'ಜಾತಕಫಲ'ವನ್ನು ಕನ್ನಡ, ತಮಿಳು, ತೆಲುಗು ಮೂರರಲ್ಲೂ ನಿರ್ದೇಶಿಸಿದರು. 1957ರ 'ಪ್ರೇಮದ ಪುತ್ರಿ'ಗೆ ಕನ್ನಡದ ಅತ್ಯುತ್ತಮ ಚಿತ್ರ ಎಂದು ರಾಷ್ಟ್ರ ಪ್ರಶಸ್ತಿ ಬಂತು. ಇವುಗಳ ಬಗ್ಗೆ ಎಷ್ಟು ಜನ ಬರೆದಿದ್ದಾರೆ?

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ಚಿತ್ರಕ್ಕೆ ಬರುತ್ತೇನೆ. 'ಹಣ್ಣೆಲೆ ಚಿಗುರಿದಾಗ', 1968. ತ್ರಿವೇಣಿಯವರ ಕಾದಂಬರಿ, ಎಂ.ಆರ್. ವಿಠಲ್ ನಿರ್ದೇಶನ. ನಾನು ನೋಡಲು ಕೂತದ್ದು ರಾಜ್‌ಕುಮಾರ್ ಮತ್ತು ಕಲ್ಪನಾ ಇದ್ದಾರೆ ಅಂತ. ಮುಗಿದಾಗ ತಲೆಯಲ್ಲಿ ಉಳಿದದ್ದು ನಾಗೇಂದ್ರರಾಯರು ಮಾಡಿದ ಅಪ್ಪನ ಪಾತ್ರ. ಗಂಡ ಸತ್ತು ತವರಿಗೆ ಬಂದ ಮಗಳು. ಆಚಾರ ಬಿಡದ ತಂದೆ. ಮಗಳ ಮೇಲೆ ಪ್ರೀತಿ ಇಲ್ಲ ಅಂತಲ್ಲ, ಜಾಸ್ತಿಯೇ ಇದೆ. ಆದರೆ ಅವಳು ಇನ್ನೊಂದು ಮದುವೆ ಆಗಬಹುದು ಅನ್ನುವುದು ಅವರ ಲೋಕದಲ್ಲೇ ಇಲ್ಲದ ಮಾತು. ಇಂಥ ಪಾತ್ರವನ್ನು ಕೂಗಾಡಿ ಮಾಡುವುದು ಸುಲಭ. ಗದರುವ ಅಪ್ಪ, ಕೊನೆಯಲ್ಲಿ ಕರಗುವ ಅಪ್ಪ, ಅಷ್ಟೇ ಅಂತ ಎಷ್ಟೋ ನಟರು ಮುಗಿಸಿಬಿಡುತ್ತಾರೆ.

ನಾಗೇಂದ್ರರಾಯರು ಹಾಗೆ ಮಾಡಲಿಲ್ಲ. ಆಗ ಅವರಿಗೆ ಎಪ್ಪತ್ತು ದಾಟಿತ್ತು. ದನಿ ತಗ್ಗಿದೆ. ಮಾತಿನ ನಡುವೆ ನಿಲ್ಲಿಸುತ್ತಾರೆ, ಆ ನಿಲ್ಲಿಸುವುದರಲ್ಲೇ ಮುದುಕನ ಹಟ ಕಾಣುತ್ತದೆ. ಮಗಳನ್ನು ನೋಡುವ ಕಣ್ಣಲ್ಲಿ ಮರುಕ, ತುಟಿಯಲ್ಲಿ ಬಿಗಿ. ಈ ಮನುಷ್ಯ ಕೆಟ್ಟವನಲ್ಲ, ತಾನು ಬೆಳೆದ ರೀತಿಯಲ್ಲೇ ಸಿಕ್ಕಿಕೊಂಡಿದ್ದಾನೆ ಅಂತ ನಮಗೇ ಅರ್ಥವಾಗುತ್ತದೆ, ಅವರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊನೆಯ ಸಾಲಿನವನಿಗೂ ಕೇಳಬೇಕು ಅಂತ ದನಿ ಎತ್ತಿ ಬೆಳೆದ ನಟ, ಹತ್ತಿರದಲ್ಲಿ ಇರುವ ಕ್ಯಾಮೆರಾಗೆ ಎಷ್ಟು ಬೇಕೋ ಅಷ್ಟೇ ಕೊಡುವುದನ್ನು ಕಲಿತದ್ದು ಸಣ್ಣ ವಿಷಯ ಅಲ್ಲ. ಆ ತಲೆಮಾರಿನ ಎಷ್ಟೋ ಕಲಾವಿದರಿಗೆ ಅದು ದಕ್ಕಲಿಲ್ಲ. ಹಿನ್ನೆಲೆ ಗಾಯನ ಬಂತು, ಗಂಟಲಿನ ಬೆಲೆ ಇಳಿಯಿತು, ಮುಖದ ಬೆಲೆ ಏರಿತು. ನಾಟಕದ ವರಸೆ ಬಿಡಲಾಗದವರು ಹಿಂದೆ ಉಳಿದರು. ಇವರು ಹಳೆಯದನ್ನು ಬಿಡಬೇಕಾದಲ್ಲಿ ಬಿಟ್ಟರು. ಆದರೆ ಮಾತಿನ ಲಯ ಬಿಡಲಿಲ್ಲ. ಇವರ ಕನ್ನಡದ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳುತ್ತದೆ. ಇವತ್ತಿನ ಎಷ್ಟು ನಟರ ಬಗ್ಗೆ ಹಾಗೆ ಹೇಳಬಹುದು?

ಅದೇ ಚಿತ್ರದ 'ಹೂವು ಚೆಲುವೆಲ್ಲಾ ನಂದೆಂದಿತು' ಹಾಡು ಕೇಳದ ಕನ್ನಡಿಗರು ಕಡಿಮೆ. ಬರೆದವರು ಆರ್.ಎನ್. ಜಯಗೋಪಾಲ್, ನಾಗೇಂದ್ರರಾಯರ ಮಗ. ಇನ್ನೊಬ್ಬ ಮಗ ಆರ್.ಎನ್.ಕೆ. ಪ್ರಸಾದ್ ಛಾಯಾಗ್ರಾಹಕ. ಮತ್ತೊಬ್ಬರು ನಟ ಆರ್.ಎನ್. ಸುದರ್ಶನ್, 1961ರ 'ವಿಜಯನಗರದ ವೀರಪುತ್ರ'ದಲ್ಲಿ ಅಪ್ಪನ ನಿರ್ದೇಶನದಲ್ಲೇ ನಾಯಕರಾಗಿ ಬಂದವರು. ಅತ್ತ ಸುಬ್ಬಯ್ಯನಾಯ್ಡು ಅವರ ಮಗ ಲೋಕೇಶ್, 'ಭೂತಯ್ಯನ ಮಗ ಅಯ್ಯು'ವಿನ ಅಯ್ಯು. ಒಂದೇ ನಾಟಕ ಮಂಡಳಿಯ ಎರಡು ಮನೆಗಳಿಂದ ಕನ್ನಡ ಚಿತ್ರರಂಗಕ್ಕೆ ಇಷ್ಟು ಜನ ಬಂದರು. ವೃತ್ತಿರಂಗಭೂಮಿಯನ್ನು ಬರೀ ಹಳೇ ಕಾಲದ ಅಬ್ಬರ ಅಂತ ತಳ್ಳಿಹಾಕುವವರು ಇದಕ್ಕೆ ಏನು ಹೇಳುತ್ತಾರೆ?

1976ರಲ್ಲಿ ನಾಗೇಂದ್ರರಾಯರಿಗೆ ಪದ್ಮಶ್ರೀ ಬಂತು. ಮರುವರ್ಷವೇ ತೀರಿಕೊಂಡರು.

ಸುಬ್ಬಯ್ಯನಾಯ್ಡು ಅವರಿಗೆ ಅಷ್ಟು ಆಯುಸ್ಸು ಸಿಗಲಿಲ್ಲ, 1962ರಲ್ಲೇ ಹೋದರು. ಕನ್ನಡದ ಮೊದಲ ನಾಯಕ ಅಂತ ಹೇಳುತ್ತೇವೆ, ಆದರೆ ಇಂದ್ರಜಿತುವಾಗಿ ಅವರು ಹೇಗೆ ಹಾಡಿದ್ದರು ಅಂತ ಕೇಳುವ ದಾರಿ ನಮಗಿಲ್ಲ. ಆಗಿನ ಫಿಲ್ಮು ನೈಟ್ರೇಟ್‌ನದು. ಬೇಗ ಬೆಂಕಿ ಹತ್ತಿಕೊಳ್ಳುತ್ತಿತ್ತು, ಸುಮ್ಮನೆ ಇಟ್ಟರೂ ಅಂಟಂಟಾಗಿ, ಪುಡಿಯಾಗಿ ಹಾಳಾಗುತ್ತಿತ್ತು. ಅದರಲ್ಲಿದ್ದ ಬೆಳ್ಳಿಗಾಗಿ ಕರಗಿಸಿದವರೂ ಇದ್ದರು. 'ಆಲಂ ಆರಾ'ಕ್ಕೂ ಇದೇ ಗತಿ ಆಯಿತು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದೇ 1964ರಲ್ಲಿ. ಅಷ್ಟರಲ್ಲಿ ಎಷ್ಟೋ ಚಿತ್ರಗಳು ಹೋಗಿಬಿಟ್ಟಿದ್ದವು. ಆಗಿನವರಿಗೆ ಗೊತ್ತಿರಲಿಲ್ಲ ಅನ್ನೋಣ. ನಮಗೆ ಗೊತ್ತಿದೆ ಅಲ್ವಾ?

ಅದಕ್ಕೇ ಎರಡು ಕೋರಿಕೆ. ನಿಮ್ಮ ಅಟ್ಟದ ಮೇಲೆ, ಹಳೇ ಟ್ರಂಕಿನಲ್ಲಿ, ಥಿಯೇಟರ್‌ನಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳು, ನಾಟಕ ಕಂಪನಿಯ ಕರಪತ್ರಗಳು, ಫೋಟೋಗಳು ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಸ್ಕ್ಯಾನ್ ಮಾಡಿಸಿ ಹಂಚಿಕೊಳ್ಳಿ, ಮೂಲವನ್ನು ಕಾಪಾಡುವವರಿಗೆ ಕೊಡಿ. ಚಿತ್ರ ಹೋಗಿದ್ದರೂ ಅದರ ಹಾಡುಗಳ ಸಾಹಿತ್ಯ, ಯಾರು ಯಾವ ಪಾತ್ರ ಮಾಡಿದರು ಅನ್ನುವ ವಿವರ ಆ ಪುಸ್ತಕಗಳಲ್ಲೇ ಸಿಗುವುದು. ಇನ್ನೊಂದು, ಮುಂದಿನ ಮಾರ್ಚ್ 3ಕ್ಕೆ 'ಸತಿ ಸುಲೋಚನಾ' ಪೋಸ್ಟರ್ ಹಾಕಿ, ಖಂಡಿತ ಹಾಕಿ. ಅದರ ಜೊತೆ ಆ ಸಂಜೆ ಮನೆಯವರನ್ನೆಲ್ಲ ಕೂರಿಸಿಕೊಂಡು 'ಹಣ್ಣೆಲೆ ಚಿಗುರಿದಾಗ' ನೋಡಿ. ರಾಜ್‌ಕುಮಾರ್, ಕಲ್ಪನಾ ಹೇಗಿದ್ದರೂ ಮನಸ್ಸು ಸೆಳೆಯುತ್ತಾರೆ. ನೀವು ಅಪ್ಪನ ಪಾತ್ರದ ಮೇಲೂ ಒಂದು ಕಣ್ಣಿಡಿ. ನೋಡಿದ ಮೇಲೆ ನಿಮಗೆ ಅನಿಸಿದ್ದನ್ನು ಬರೆಯಿರಿ, ನಾನು ಓದುತ್ತೇನೆ.