ಒಂದೂಕಾಲು ಕಿಲೋ

ಜಿಮ್ಮಿನಲ್ಲಿ ಬೇಕಾದಾಗ ಸಿಗದ ಸಾಮಾನೆಂದರೆ 1.25 ಕಿಲೋದ ಪ್ಲೇಟು. ಇಪ್ಪತ್ತು ಕಿಲೋದವು ಊರಗೌಡರ ಹಾಗೆ ಗೋಡೆಗೆ ಒರಗಿ ಕೂತಿರುತ್ತವೆ. ಈ ಬಡಪಾಯಿ ಮಾತ್ರ ಬೆಂಚಿನ ಅಡಿಗೋ, ಬಾಗಿಲು ಬಡಿಯದಂತೆ ಸಂದಿಗೋ ಸೇರಿರುತ್ತದೆ. ಹೊಸಬರಿಗಂತೂ ಅದನ್ನು ಮುಟ್ಟಲು ನಾಚಿಕೆ. ಪಕ್ಕದವನು ನೋಡಿ ನಕ್ಕರೆ? ಅವನಿಗೆ ಕನ್ನಡಿಯಲ್ಲಿ ತನ್ನ ತೋಳು ನೋಡಿಕೊಳ್ಳುವುದಕ್ಕೇ ಪುರುಸೊತ್ತಿರುವುದಿಲ್ಲ, ಆ ಮಾತು ಬೇರೆ.

ಪ್ಲೇಟಿಗಿಂತ ಮೊದಲು ಖಾಲಿ ರಾಡು. ಏಳಡಿ ದಾಟುವ, ತುದಿ ದಪ್ಪಗಿರುವ ಒಲಿಂಪಿಕ್ ರಾಡಿನ ತೂಕವೇ 20 ಕಿಲೋ. ಹೆಂಗಸರ ರಾಡು 15. ಬಡಾವಣೆಯ ಜಿಮ್ಮುಗಳಲ್ಲಿ ತೆಳ್ಳನೆಯ ರಾಡುಗಳೂ ಇರುತ್ತವೆ, ಅವುಗಳ ತೂಕ ಮಾಲೀಕನಿಗೂ ಗೊತ್ತಿರುವುದಿಲ್ಲ. ರಾಡು ಹಿಡಿದು ತೂಕದ ಮೆಷಿನ್ ಹತ್ತಿ, ಬಂದದ್ದರಲ್ಲಿ ನಿಮ್ಮ ತೂಕ ಕಳೆದರೆ ಮುಗಿಯಿತು. ಬರಿಮೈಯಲ್ಲಿ ಹದಿನೈದು ಬಸ್ಕಿ ಸರಾಗವಾಗಿ ಹೊಡೆಯಲಾಗದವರು ರಾಡನ್ನು ಹೆಗಲಿಗೆ ಏರಿಸಬೇಡಿ. ರಾಡು ಹೊತ್ತು ಹೊಡೆಯುವ ಬಸ್ಕಿಗೇ ಸ್ಕ್ವಾಟ್ ಎನ್ನುವುದು. ಸ್ಕ್ವಾಟ್‌ನಲ್ಲಿ ಕೆಡುವುದು ಮುಖ್ಯವಾಗಿ ಎರಡು ಕಡೆ: ಹಿಮ್ಮಡಿ ನೆಲ ಬಿಡುತ್ತದೆ, ಮೇಲೇಳುವಾಗ ಮಂಡಿಗಳು ಒಳಕ್ಕೆ ಸರಿಯುತ್ತವೆ. ಮಂಡಿ ಕಾಲ್ಬೆರಳು ನೋಡುತ್ತಿರುವ ದಿಕ್ಕಿಗೇ ಹೋಗಬೇಕು. ಮೆತ್ತನೆಯ ಓಟದ ಬೂಟು ಹಾಕಿಕೊಂಡು ಬಂದರೆ ತೂಕದ ಅಡಿಯಲ್ಲಿ ಪಾದವೇ ಅಲ್ಲಾಡುತ್ತದೆ. ಚಪ್ಪಟೆ ಅಡಿಯ ಕ್ಯಾನ್ವಾಸ್ ಶೂ ಸಾಕು.

ಇನ್ನು ಲೆಕ್ಕ. ವಾರಕ್ಕೆ ಮೂರು ದಿನ, ಐದೈದು ರೆಪ್ಸಿನ, ಅಂದರೆ ಒಂದೇ ಸಮ ಐದು ಸಲ ಎತ್ತಿಳಿಸುವ, ಮೂರು ಸೆಟ್ಟು, ನಡುವೆ ಎರಡು ಮೂರು ನಿಮಿಷ ವಿಶ್ರಾಂತಿ. ಮೂರೂ ಸೆಟ್ಟು ನೆಟ್ಟಗೆ ಮುಗಿದರೆ ಮುಂದಿನ ಸಲ ಆ ಕಡೆಗೊಂದು ಈ ಕಡೆಗೊಂದು ಒಂದೂಕಾಲು, ಅಂದರೆ ಎರಡೂವರೆ ಕಿಲೋ ಜಾಸ್ತಿ. ಇಪ್ಪತ್ತರಿಂದ ಹೊರಟ ಸ್ಕ್ವಾಟು ಎಲ್ಲೂ ತಪ್ಪದಿದ್ದರೆ ಎಂಟನೆಯ ವಾರದ ಕೊನೆಗೆ 77.5ಕ್ಕೆ ಬಂದಿರುತ್ತದೆ. ಎಲ್ಲರಿಗೂ ಹಾಗೆ ಆಗುವುದಿಲ್ಲ, ಆದರೂ ಕಾಗದದ ಮೇಲೆ ನೋಡಲು ಚೆನ್ನ. ಇಷ್ಟು ಏರಿದರೂ ತೋಳು ಸೊಂಟ ಹಾಗೇ ಇವೆಯಲ್ಲ ಎಂದು ಕೊರಗಬೇಕಿಲ್ಲ; ಮೊದಲ ವಾರಗಳ ಬಲವೆಲ್ಲ ಬಹುಪಾಲು ನರಗಳದ್ದು. ಇರುವ ಸ್ನಾಯುವನ್ನೇ ಪೂರ್ತಿ ದುಡಿಸಿಕೊಳ್ಳಲು ಮೈ ಕಲಿಯುತ್ತಿರುತ್ತದೆ.

ಮೊದಲು ಕೈಕೊಡುವುದು ತಲೆಯ ಮೇಲೆತ್ತುವ ಪ್ರೆಸ್. ನೂರು ಕಿಲೋ ಸ್ಕ್ವಾಟಿಗೆ ಎರಡೂವರೆ ಸೇರಿಸಿದರೆ ನಲವತ್ತರಲ್ಲಿ ಒಂದು ಪಾಲು; ಖಾಲಿ ರಾಡಿನ ಪ್ರೆಸ್ಸಿಗೆ ಅದೇ ಎರಡೂವರೆ ಎಂಟರಲ್ಲಿ ಒಂದು ಪಾಲು. ಭುಜಕ್ಕೆ ಇದು ದೊಡ್ಡ ಜಿಗಿತ. ಅಲ್ಲಿ ತೂಕ ಮುಟ್ಟದೆ ರೆಪ್ಸನ್ನು ಐದರಿಂದ ಎಂಟಕ್ಕೆ ಏರಿಸಿ, ಆಮೇಲೆ ಪ್ಲೇಟು ಹಾಕಿ ಮತ್ತೆ ಐದಕ್ಕೆ ಇಳಿಯಬೇಕು. ಕುಂದಾಪುರ ಸೀಮೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕೂಟದಲ್ಲಿ ಎರಡು ಬಗೆಯ ಎತ್ತುವಿಕೆ ಸೇರಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರಲ್ಲ, ಆ ಮಟ್ಟದ ಸ್ಪರ್ಧೆಯಲ್ಲೂ ರಾಡಿನ ತೂಕ ಒಂದೊಂದೇ ಕಿಲೋ ಏರಬಹುದು.

ಡೆಡ್‌ಲಿಫ್ಟ್‌ನದು ಬೇರೆ ತಕರಾರು. ನೆಲದ ಮೇಲಿನ ರಾಡನ್ನು ಹಿಡಿದೆತ್ತಿ ನೆಟ್ಟಗೆ ನಿಲ್ಲುವ ಕಸರತ್ತದು. ದೊಡ್ಡ ಪ್ಲೇಟಿನ ಅಡ್ಡಳತೆ 45 ಸೆಂಟಿಮೀಟರು, ಹಾಗಾಗಿ ರಾಡು ನೆಲದಿಂದ ಇಪ್ಪತ್ತೆರಡೂವರೆ ಸೆಂಟಿಮೀಟರು ಮೇಲಿರುತ್ತದೆ. ಸಣ್ಣ ಪ್ಲೇಟು ಹಾಕಿದರೆ ರಾಡು ಕೆಳಗಿಳಿದು, ಅದನ್ನು ಹಿಡಿಯಲು ಬೆನ್ನು ಗೂನಾಗುತ್ತದೆ. ಎರಡೂ ಬದಿಗೆ ಒಂದಷ್ಟು ಪ್ಲೇಟು ಮಲಗಿಸಿ, ಅವುಗಳ ಮೇಲಿಟ್ಟು ಎತ್ತಿ. ಸ್ಟ್ಯಾಂಡಿನ ಮೇಲಿರುವ ರಾಡಿನಿಂದ ಪ್ಲೇಟು ತೆಗೆಯುವಾಗ ಎರಡೂ ಕಡೆ ಸರದಿಯಂತೆ ತೆಗೆಯಿರಿ. ಒಂದೇ ಬದಿ ಖಾಲಿ ಮಾಡಿದರೆ ರಾಡು ಮಗುಚಿ ಹಾರುತ್ತದೆ, ಎದುರಿನ ಕನ್ನಡಿಯ ದುಡ್ಡು ನಿಮ್ಮ ತಲೆಗೆ.

ಜ್ವರವೋ ಊರಹಬ್ಬವೋ ಬಂದು ಎರಡು ವಾರ ತಪ್ಪಿದರೆ ಬಿಟ್ಟಲ್ಲಿಂದ ಶುರು ಮಾಡಲು ಹೋಗಬೇಡಿ. ಅರವತ್ತು ಎತ್ತುತ್ತಿದ್ದವರು ಐವತ್ತೆರಡೂವರೆಯಿಂದ ಏರಿದರೆ, ಮೂರು ಸಲದಲ್ಲಿ ಮತ್ತೆ ಅಲ್ಲಿಗೇ ಬರುತ್ತಾರೆ. ಪ್ಲೇಟು ಬಾಗಿಲ ಸಂದಿಯಲ್ಲಿ ಸಿಕ್ಕಿದರೆ.