ಎಂಟು ಸಾವಿರದ ಪೆಪ್ಪರ್ ಮಿಲ್ ಮತ್ತು ನಮ್ಮೂರ ಮಳೆ

ಹೋದ ತಿಂಗಳು ಅಕ್ಕನ ಮಗಳು ಬೆಂಗಳೂರಿನಿಂದ ಒಂದು ಫೋಟೋ ಕಳಿಸಿದಳು. ಪೆಪ್ಪರ್ ಮಿಲ್. ಒಳಗೆ ಕರಿಮೆಣಸು ತುಂಬಿ ಮೇಲಿನ ಗುಂಡು ತಿರುಗಿಸಿದರೆ ಕೆಳಗೆ ಪುಡಿ ಉದುರುತ್ತದಲ್ಲ, ಅದು. ಯಾರೋ ಹೆಸರುವಾಸಿ ಡಿಸೈನರ್ ಮಾಡಿದ್ದಂತೆ. ಬೆಲೆ 7,800 ರೂಪಾಯಿ. "ಚಿಕ್ಕಮ್ಮ, ಹೊಸ ಮನೆಗೆ ತಗೊಳ್ಳಲಾ? ನೋಡೋಕೆ ತುಂಬಾ ಚೆನ್ನಾಗಿದೆ" ಅಂತ ಕೇಳಿದ್ದಳು.

"ಬೇಡ" ಅಂತ ಟೈಪ್ ಮಾಡಿ ಅಳಿಸಿದೆ. ದುಬಾರಿ ಅನ್ನುವ ಒಂದೇ ಕಾರಣಕ್ಕೆ ಬೇಡ ಅನ್ನುವುದು ಸರಿಯಲ್ಲ. ಜಾಸ್ತಿ ದುಡ್ಡು ಕೊಟ್ಟು ತಂದು ಐವತ್ತು ವರ್ಷ ಬಾಳಿದ ವಸ್ತು ನಮ್ಮ ಮನೆಯಲ್ಲೇ ಇದೆ. ಜಾಸ್ತಿ ದುಡ್ಡು ಕೊಟ್ಟು ಆರು ತಿಂಗಳಿಗೆ ಮೂಲೆ ಸೇರಿದ್ದೂ ಇದೆ.

ಮೂಲೆ ಸೇರಿದ್ದರ ಕಥೆ ಮೊದಲು ಹೇಳುತ್ತೇನೆ. ಕೊಡಗಿನ ಗಾಳಿಬೀಡಿನ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ, ಜೊತೆಗೆ ಎರಡು ರೂಮಿನ ಹೋಮ್‌ಸ್ಟೇ. ಮೂರು ವರ್ಷದ ಹಿಂದೆ ಅತಿಥಿಗಳಿಗೆ ಅಂತ 11,400 ರೂಪಾಯಿ ಕೊಟ್ಟು ಒಂದು ಕೆಟಲ್ ತರಿಸಿದೆ. ಹೊಳಪಿಲ್ಲದ ಕಪ್ಪು ಬಣ್ಣ, ಕೊಕ್ಕರೆ ಕೊರಳಿನಂಥ ಮೂತಿ, ತಿಳಿ ಬಣ್ಣದ ಮರದ ಹಿಡಿ. ಫೆಬ್ರವರಿಯಲ್ಲಿ ಬಂತು. ಮೇ ತಿಂಗಳವರೆಗೂ ಬಂದವರೆಲ್ಲ ಅದರ ಫೋಟೋ ತೆಗೆದರು. ಜೂನ್‌ನಲ್ಲಿ ಮಳೆ ಹಿಡಿಯಿತು. ಜುಲೈ ಹೊತ್ತಿಗೆ ಹಿಡಿಯ ಮೇಲೆ ಬೂದಿ ಎರಚಿದ ಹಾಗೆ ಬಿಳಿ ಬೂಷ್ಟು. ಒರೆಸಿದರೆ ಹೋಗುತ್ತಿತ್ತು, ಮೂರನೇ ದಿನ ಮತ್ತೆ ಬರುತ್ತಿತ್ತು. ಆಮೇಲೆ ಹಿಡಿ ಉಬ್ಬಿ ಸೀಳಿತು. ಸ್ಕ್ರೂಗೆ ತುಕ್ಕು ಹಿಡಿದು, ಕಪ್ಪು ಬಣ್ಣದ ಮೇಲೆ ಕಂದು ಗೆರೆ ಇಳಿಯಿತು. ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ಕುದಿಯುವ ನೀರು ಬಗ್ಗಿಸುವಾಗ ಹಿಡಿ ಅಲುಗಿ, ನೀರು ನನ್ನ ಮಣಿಕಟ್ಟಿನ ಮೇಲೆ ಬಿತ್ತು. ಆ ಗುರುತು ಈಗಲೂ ಇದೆ.

ಕಂಪನಿಗೆ ಬರೆದೆ. ಬಳಸಿದ ಮೇಲೆ ಒರೆಸಿ ಒಣ ಜಾಗದಲ್ಲಿಡಿ ಅಂತ ಉತ್ತರ ಬಂತು. ಹೊಸ ಹಿಡಿ ಒಂದು ಕಳಿಸಿ, ದುಡ್ಡು ಕೊಡ್ತೀನಿ ಅಂದೆ. ಬಿಡಿಭಾಗ ಮಾರುವುದಿಲ್ಲ ಅಂದರು. ಜುಲೈನಲ್ಲಿ ನಮ್ಮ ಮನೆಯ ಒಣ ಜಾಗ ಅಂದರೆ ಸೌದೆ ಒಲೆಯ ಮೇಲಿನ ಅಟ್ಟ ಒಂದೇ. ಚಪ್ಪಲಿ, ಬೆಲ್ಟು, ಪುಸ್ತಕದ ರಟ್ಟು, ಎಲ್ಲಕ್ಕೂ ಬೂಷ್ಟು ಹಿಡಿಯುವ ಊರು ಇದು. ಹನ್ನೊಂದು ಸಾವಿರದ ಹಿಡಿ ಒಂದು ಮಳೆಗಾಲ ತಡೆಯಲಿಲ್ಲ ಅನ್ನುವುದಕ್ಕಿಂತ, ಅದನ್ನು ಸರಿಮಾಡಿಸಲು ದಾರಿಯೇ ಇಲ್ಲ ಅನ್ನುವುದು ನನಗೆ ಹೆಚ್ಚು ನೋವು ಕೊಟ್ಟಿತು.

ಆಮೇಲೆ ಇಂಥ ವಸ್ತುಗಳ ಬಗ್ಗೆ ಓದತೊಡಗಿದೆ. ಇಟಲಿಯ ಅಲೆಸ್ಸಿ ಕಂಪನಿ 1990ರಲ್ಲಿ ನಿಂಬೆಹಣ್ಣು ಹಿಂಡುವ ಒಂದು ಸಾಧನ ತಂದಿತು. ಹೆಸರು ಜ್ಯೂಸಿ ಸಾಲಿಫ್, ರೂಪಿಸಿದವರು ಫ್ರಾನ್ಸಿನ ಫಿಲಿಪ್ ಸ್ಟಾರ್ಕ್. ಮೂರು ಉದ್ದ ಕಾಲಿನ ಮೇಲೆ ನಿಂತ ಅಲ್ಯೂಮಿನಿಯಂ ಜೇಡದ ಹಾಗಿದೆ. ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂನಲ್ಲೂ ಅದಕ್ಕೆ ಜಾಗವಿದೆ. ಆದರೆ ಅದಕ್ಕೆ ಜರಡಿ ಇಲ್ಲ. ರಸದ ಜೊತೆ ಬೀಜವೂ ಲೋಟಕ್ಕೆ ಬೀಳುತ್ತದೆ. ಹತ್ತು ವರ್ಷ ತುಂಬಿದ ನೆನಪಿಗೆ 2000ದಲ್ಲಿ ಚಿನ್ನದ ಲೇಪದ್ದೂ ಮಾಡಿದರು. ಅದರಲ್ಲಿ ನಿಂಬೆ ಹಿಂಡುವ ಹಾಗೇ ಇಲ್ಲ, ಹುಳಿ ತಾಗಿದರೆ ಲೇಪ ಕೆಡುತ್ತದೆ. ಕಾಚಂಪುಳಿ, ಅಂದರೆ ಅಡುಗೆಗೆ ಹಾಕುವ ಕಪ್ಪು ಹುಳಿರಸ, ಕಾಯಿಸುವ ನಮಗೆ ಹುಳಿಯ ಗುಣ ಯಾರೂ ಹೇಳಿಕೊಡಬೇಕಿಲ್ಲ. ಯಾವ ಪಾತ್ರೆಯಲ್ಲಿ ಕಾಯಿಸಬೇಕು, ಯಾವುದರಲ್ಲಿ ತುಂಬಿಡಬೇಕು ಅಂತ ಮನೆಯ ಚಿಕ್ಕ ಮಕ್ಕಳಿಗೂ ಗೊತ್ತು. ಪಾತ್ರೆ ಮಾಡುವವರಿಗೆ ಅದರೊಳಗೆ ಏನು ಬೀಳುತ್ತದೆ ಅಂತ ಗೊತ್ತಿರಬೇಡವೇ? ಬರೀ ಕಣ್ಣಿಗೆ ಅಂತ ಕೊಳ್ಳುವವರು ಕೊಳ್ಳಲಿ, ಗೋಡೆಗೆ ಚಿತ್ರ ಹಾಕಿದ ಹಾಗೆ. ಅಡುಗೆಮನೆಗೆ ಅಂತ ಕೊಳ್ಳುವುದಾದರೆ ಅದು ಕೆಲಸ ಮಾಡಲೇಬೇಕು.

ಒಳ್ಳೆಯ ಡಿಸೈನ್ ದುಬಾರಿಯೇ ಆಗಬೇಕು ಅಂತಲೂ ಇಲ್ಲ. ಸ್ವಿಟ್ಜರ್ಲೆಂಡಿನವರ ರೆಕ್ಸ್ ಪೀಲರ್ 1947ರದ್ದು. ಬಗ್ಗಿಸಿದ ಒಂದು ಲೋಹದ ಪಟ್ಟಿ, ಅಲುಗಾಡುವ ಒಂದು ಬ್ಲೇಡು, ಆಲೂಗಡ್ಡೆಯ ಕಣ್ಣು ಕೀಳಲು ಪಕ್ಕದಲ್ಲೊಂದು ಪುಟ್ಟ ಮೊನೆ. ಇಷ್ಟೇ. ಯಾರು ಬೇಕಾದರೂ ಕೊಳ್ಳಬಹುದಾದ ಆ ವಸ್ತುವಿನ ಚಿತ್ರ ಹಾಕಿ 2004ರಲ್ಲಿ ಅಲ್ಲಿ ಅಂಚೆಚೀಟಿ ತಂದರು. ಅದನ್ನು ಓದಿದಾಗ ನಿಜಕ್ಕೂ ಖುಷಿಯಾಯಿತು.

ಇನ್ನು ನಮ್ಮ ಅತ್ತೆಯ ನೂಪುಟ್ಟು, ಅಂದರೆ ಅಕ್ಕಿ ಶಾವಿಗೆ, ಒತ್ತುವ ಒರಳು. ಅತ್ತೆ ಮದುವೆಯಾಗಿ ಈ ಮನೆಗೆ ಬಂದ ವರ್ಷ, 1971ರಲ್ಲಿ, ಆಚಾರಿಯನ್ನು ಮನೆಗೇ ಕರೆಸಿ ಮಾಡಿಸಿದ್ದು. ಹಲಸಿನ ಮರ, ಹಿತ್ತಾಳೆಯ ಅಚ್ಚು. ಆ ಕಾಲಕ್ಕೆ ಅದು ಸಣ್ಣ ದುಡ್ಡಲ್ಲ. ಮಾವ ಬೈದಿದ್ದರಂತೆ. ಹಿಡಿ ಬೇಕಂತಲೇ ಉದ್ದ ಇದೆ. ತೋಳಿನ ಬಲ ಬೇಡ, ಮೈಭಾರ ಬಿಟ್ಟರೆ ಸಾಕು, ಎಳೆ ಎಳೆಯಾಗಿ ಇಳಿಯುತ್ತದೆ. ಐವತ್ತು ವರ್ಷ ಕೈ ತಾಗಿ ತಾಗಿ ಹಿಡಿಯ ತುದಿ ಸೋಪಿನ ಹಾಗೆ ನುಣುಪಾಗಿದೆ. ಅತ್ತೆಯ ಹೆಬ್ಬೆರಳು ಕೂರುತ್ತಿದ್ದ ಕಡೆ ಒಂದು ಸಣ್ಣ ತಗ್ಗಿದೆ. ಈಗ ನನ್ನ ಹೆಬ್ಬೆರಳೂ ಅಲ್ಲೇ ಹೋಗಿ ಕೂರುತ್ತದೆ. ಅಚ್ಚಿನ ಬಿಲ್ಲೆ ಎರಡು ಸಲ ಬದಲಾಗಿದೆ, ಕೀಲು ಒಂದು ಸಲ. ಮಳೆಗಾಲಕ್ಕೆ ಮೊದಲು ಎಣ್ಣೆ ಸವರಿ ಅಟ್ಟಕ್ಕೆ ಏರಿಸುತ್ತೇವೆ. ಇಂಥದ್ದನ್ನು ಇವತ್ತು ಮಾಡಿಸಲು ಹತ್ತು ಸಾವಿರ ಕೇಳಿದರೂ ನಾನು ಚೌಕಾಸಿ ಇಲ್ಲದೆ ಕೊಡುತ್ತೇನೆ.

ಚೌಕಾಸಿ ಅಂದಾಗ ಇನ್ನೊಂದು ವಿಷಯ ಹೇಳಲೇಬೇಕು. ಕಳೆದ ಡಿಸೆಂಬರ್‌ನಲ್ಲಿ ಬೆಂಗಳೂರಿನ ಒಂದು ಅಂಗಡಿಯಲ್ಲಿ ಬಿದಿರಿನ ಬುಟ್ಟಿ ನೋಡಿದೆ. 3,200 ರೂಪಾಯಿ. ಅಂಚಿಗೆ ಚರ್ಮದ ಪಟ್ಟಿ ಸುತ್ತಿದ್ದು ಬಿಟ್ಟರೆ, ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ನಾನು 300ಕ್ಕೆ ತರುವ ಬುಟ್ಟಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಅದೇ ಹೆಣಿಗೆ. ಚೀಟಿಯಲ್ಲಿ ಡಿಸೈನರ್ ಹೆಸರಿತ್ತು. ಹೆಣೆದವರ ಹೆಸರು ಇರಲಿಲ್ಲ.

ನನಗೆ ಸಿಟ್ಟು ಬಂತು. ಆಮೇಲೆ ನಾಚಿಕೆಯೂ ಆಯಿತು. ಯಾಕೆಂದರೆ ಸಂತೆಯಲ್ಲಿ ಬುಟ್ಟಿ ಮಾರುವ ಅಜ್ಜಿಯ ಹತ್ತಿರ 300 ಅನ್ನು 250 ಮಾಡಿಸಿಕೊಂಡವಳು ನಾನೇ. "ಬಿದಿರು ಸೀಳಿ ಹೆಣೆಯೋಕೆ ಎರಡು ದಿನ ಬೇಕು ಮಗಾ" ಅಂದಿದ್ದರು ಅವರು. ಎರಡು ದಿನದ ಕೂಲಿ ಲೆಕ್ಕ ಹಾಕಿದರೆ 3,200 ಅನ್ನುವುದು ಬುಟ್ಟಿಗೆ ಜಾಸ್ತಿ ಬೆಲೆಯೇ ಅಲ್ಲ, ಆ ದುಡ್ಡು ಅಜ್ಜಿಗೆ ಸೇರುವುದಾದರೆ. ಈಗ ನಾನು ಅವರು ಹೇಳಿದ್ದಕ್ಕಿಂತ ಹೆಚ್ಚೇ ಕೊಡುತ್ತೇನೆ. 2025ರ ಜೂನ್‌ನಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾ ಮಿಲಾನ್‌ನಲ್ಲಿ ಕೊಲ್ಹಾಪುರಿಯಂಥದ್ದೇ ಚಪ್ಪಲಿ ತೋರಿಸಿ, ಗಲಾಟೆಯಾದ ಮೇಲೆ ಅದು ಭಾರತದ್ದು ಅಂತ ಒಪ್ಪಿಕೊಂಡದ್ದು ನೆನಪಿರಬಹುದು. ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಯವರೂ ಹೊಲಿಯುವ ಚಪ್ಪಲಿ ಅದು. ಇದು ಈ ಪ್ರದೇಶದ್ದೇ ಅನ್ನುವ ಜಿಐ ಮಾನ್ಯತೆ 2019ರಲ್ಲೇ ಸಿಕ್ಕಿದೆ. ಹೊಲಿದವರಿಗೆ ಸಿಗದ ಬೆಲೆ ಹೆಸರಿಗೆ ಸಿಗುತ್ತದೆ ಅಂದರೆ ನಾನು ಹೇಗೆ ಒಪ್ಪಲಿ?

ಮತ್ತೆ ಪೆಪ್ಪರ್ ಮಿಲ್‌ಗೆ ಬರೋಣ. ಅದು ಸುಮ್ನೆ ಶೋಕಿಯ ವಸ್ತು ಅಂತ ನನಗೆ ಅನಿಸುವುದಿಲ್ಲ. ಮೆಣಸು ಬೆಳೆಯುವ ನಮಗೆ ಗೊತ್ತು, ಪುಡಿ ಮಾಡಿಟ್ಟರೆ ಘಮ ನಿಲ್ಲುವುದಿಲ್ಲ. ಬೇಕಾದಾಗ ಬೇಕಾದಷ್ಟು ಪುಡಿ ಮಾಡಿಕೊಳ್ಳುವುದೇ ಸರಿ. ಕಾರು ಮಾಡುವ ಪೂಜೋ ಕಂಪನಿ ಇದೆಯಲ್ಲ, ಅವರು ಕಾರಿಗೂ ಮೊದಲು, 1874ರಲ್ಲೇ ಪೆಪ್ಪರ್ ಮಿಲ್ ಮಾಡಿದವರು. ಉಕ್ಕಿನ ಕೆಲಸ ಗೊತ್ತಿದ್ದ ಮನೆತನ. ಒಳಗಿನ ಉಕ್ಕಿನ ಹಲ್ಲು ಮೊದಲು ಕಾಳನ್ನು ಹಿಡಿದು ಒಡೆಯುತ್ತದೆ, ಆಮೇಲೆ ಅರೆಯುತ್ತದೆ. ಆ ವಸ್ತುವಿನ ಜೀವ ಇರುವುದೇ ಅಲ್ಲಿ, ಹೊರಗಿನ ಮರದಲ್ಲಲ್ಲ.

ಅದಕ್ಕೆ ಹುಡುಗಿಗೆ ಹೀಗೆ ಬರೆದೆ: "ಅಂಗಡಿಗೆ ಹೋಗಿ ತಲೆಕೆಳಗೆ ಮಾಡಿ ನೋಡು ಪುಟ್ಟಿ. ಹಲ್ಲು ಯಾವುದರದ್ದು ಕೇಳು. ಕೆಟ್ಟರೆ ಹಲ್ಲು ಮಾತ್ರ ಸಿಗುತ್ತಾ ಕೇಳು. ನಿನ್ನ ಕೈಗೆ ಸರಿ ಕೂರುತ್ತಾ ನೋಡು. ಮೂರಕ್ಕೂ ಹೌದು ಅಂದರೆ 7,800 ಕೊಡು, ನಾನು ಬೇಡ ಅನ್ನಲ್ಲ."

ಶನಿವಾರ ಹೋಗಿದ್ದಳಂತೆ. ಒಳಗಿನ ಹಲ್ಲು ಪ್ಲಾಸ್ಟಿಕ್. ಬಿಡಿಭಾಗ ಸಿಗುವುದಿಲ್ಲ. ಪಕ್ಕದ ಬೀದಿಯ ಪಾತ್ರೆ ಅಂಗಡಿಯಲ್ಲಿ ಉಕ್ಕಿನ ಹಲ್ಲಿರುವ ಸಾದಾ ಬೀಟೆಮರದ್ದು 1,650ಕ್ಕೆ ಸಿಕ್ಕಿತು, ಅದನ್ನೇ ತಂದಳು. ಸ್ವಲ್ಪ ಭಾರ ಇದೆ ಚಿಕ್ಕಮ್ಮ, ಆದ್ರೆ ಎರಡು ಸುತ್ತಿಗೇ ಮನೆ ತುಂಬಾ ಘಮ ಅಂದಳು. ಈ ಸಲದ ನಮ್ಮ ತೋಟದ ಮೆಣಸು ಒಂದು ಕೆಜಿ ಆರಿಸಿ ಕಟ್ಟಿಟ್ಟಿದ್ದೇನೆ, ನಾಳೆ ರಾತ್ರಿ ಬಸ್ಸಿಗೆ ಹಾಕಬೇಕು.