ಇಷ್ಟ ಆಗಲಿಲ್ಲ ಅಂದ್ರೆ ಅರ್ಥ ಆಗಲಿಲ್ಲ ಅಂತಲ್ಲ ಸ್ವಾಮಿ

ಕ್ರಿಸ್ಟೋಫರ್ ನೋಲನ್ ನಿರ್ದೇಶಿಸಿದ ಬಾಹ್ಯಾಕಾಶದ ಸಿನಿಮಾ 'ಇಂಟರ್‌ಸ್ಟೆಲ್ಲರ್' ಬಗ್ಗೆ ಯಾರಾದರೂ "ನನಗೆ ಅಷ್ಟೇನೂ ಹಿಡಿಸಲಿಲ್ಲ" ಅಂತ ಬರೆದರೆ ಸಾಕು, ಮೊದಲ ಕಾಮೆಂಟೇ "ನಿಮಗೆ ಅರ್ಥ ಆಗಿಲ್ಲ ಗುರು, ಇನ್ನೊಂದ್ಸಲ ನೋಡಿ". ಎರಡನೆಯದು "ನೀವು ಧಾರಾವಾಹಿ ನೋಡ್ಕೊಂಡಿರಿ". ಮೂರನೆಯವರು ಸಾಪೇಕ್ಷತಾ ಸಿದ್ಧಾಂತದ ವಿಡಿಯೋ ಲಿಂಕ್ ಹಾಕಿರುತ್ತಾರೆ. ಪಾಪ, ಬರೆದವರು ಬಿಎಸ್ಸಿ ಫಿಸಿಕ್ಸ್ ಮಾಡಿದ್ದರೂ ಕೇಳುವವರಿಲ್ಲ.

ನಾನು ಆ ಸಿನಿಮಾ ಮೆಚ್ಚುವ ಗುಂಪಿನವನೇ. ಮೊದಲೇ ಹೇಳಿಬಿಡ್ತೀನಿ, ಇಲ್ಲಾಂದ್ರೆ ಆ ಲಿಂಕ್ ನನಗೂ ಬರುತ್ತದೆ.

2014ರಲ್ಲಿ ಬಂದಾಗಲೇ ಈ ಜಗಳ ಇತ್ತು. ನೋಲನ್ ಅವರ ಅತ್ಯುತ್ತಮ ಸಿನಿಮಾ ಅಂದವರೂ ಇದ್ದರು, ಉದ್ದ ಜಾಸ್ತಿ, ಭಾಷಣ ಜಾಸ್ತಿ ಅಂತ ಮೂಗು ಮುರಿದವರೂ ಇದ್ದರು. ಆಸ್ಕರ್‌ಗೆ ಐದು ನಾಮಿನೇಷನ್ ಆಗಿ ಬಂದಿದ್ದು ಒಂದೇ, ವಿಶುವಲ್ ಎಫೆಕ್ಟ್ಸ್‌ಗೆ. 2025ರ ಫೆಬ್ರವರಿಯಲ್ಲಿ ನಮ್ಮ ದೇಶದಲ್ಲಿ ಮರುಬಿಡುಗಡೆ ಆದಾಗ ನೋಡಬೇಕಿತ್ತು, ಐಮ್ಯಾಕ್ಸ್ ಟಿಕೆಟ್‌ಗೆ ಜನ ಮುಗಿಬಿದ್ದರು. ಸಿನಿಮಾದಲ್ಲಿ ಒಂದು ಫ್ರೇಮೂ ಬದಲಾಗಿರಲಿಲ್ಲ. ಬದಲಾಗಿದ್ದು ನೋಡುವವರು. ಲ್ಯಾಪ್‌ಟಾಪಿನಲ್ಲಿ ನೋಡಿ ಹುಚ್ಚು ಹಿಡಿಸಿಕೊಂಡ ಹುಡುಗರಿಗೆ ಅದನ್ನು ದೊಡ್ಡ ಪರದೆಯ ಮೇಲೆ ನೋಡುವ ಆಸೆ.

ಬೈಯುವವರ ಮಾತಲ್ಲೂ ಹುರುಳಿದೆ. ಆರ್ಗನ್ ಸಂಗೀತ ಎಷ್ಟು ಜೋರು ಅಂದರೆ ಕೆಲವು ಕಡೆ ಡೈಲಾಗೇ ಕೇಳಿಸಲ್ಲ. ಅಮೆರಿಕದ ಪ್ರೇಕ್ಷಕರೇ ಆಗ ಗೊಣಗಿದ್ದರು. ಬೇಕಂತಲೇ ಹಾಗೆ ಮಾಡಿದ್ದು ಅಂತ ನೋಲನ್ ಸಮರ್ಥಿಸಿಕೊಂಡರು. ಬೇಕಂತಲೇ ಮಾಡಿದರೂ ಕಿವಿಗೆ ಕೇಳಿಸದ್ದು ಕೇಳಿಸದ್ದೇ ಅಲ್ವಾ? ಆಮೇಲೆ ನಟಿ ಆ್ಯನ್ ಹ್ಯಾಥವೇ ಬಾಯಲ್ಲಿ ಬರುವ ಪ್ರೀತಿಯ ಭಾಷಣ. ಕಾಲ, ಸ್ಥಳ ಎಲ್ಲ ಮೀರಿದ್ದು ಪ್ರೀತಿ ಅನ್ನುವ ಆ ಮಾತು ನನಗೂ ಸ್ವಲ್ಪ ಹಿಂಸೆಯೇ.

ಇದಕ್ಕೆಲ್ಲ ಅಭಿಮಾನಿಗಳ ಉತ್ತರ ಒಂದೇ: ಕಿಪ್ ಥಾರ್ನ್. ಸಿನಿಮಾಗೆ ವಿಜ್ಞಾನದ ಸಲಹೆ ಕೊಟ್ಟವರು ಅವರೇ, ದೊಡ್ಡ ಭೌತವಿಜ್ಞಾನಿ, ನಿಜ. ಅದರಲ್ಲಿ ಬರುವ ಕಪ್ಪುಕುಳಿಯ (ಬ್ಲ್ಯಾಕ್ ಹೋಲ್) ಚಿತ್ರ ಮೂಡಿದ್ದು ಅವರ ಸಮೀಕರಣಗಳಿಂದಲೇ. ಆದರೆ 2017ರಲ್ಲಿ ಅವರಿಗೆ ನೊಬೆಲ್ ಬಂದಿದ್ದು ಗುರುತ್ವ ತರಂಗಗಳ ಕೆಲಸಕ್ಕೆ, ಸಿನಿಮಾಗಲ್ಲ. ಲೆಕ್ಕ ಸರಿ ಇದ್ದ ಮಾತ್ರಕ್ಕೆ ಸೀನು ಮನಸ್ಸಿಗೆ ತಟ್ಟಬೇಕು ಅಂತೇನಿಲ್ಲ.

ನನಗೆ ತಟ್ಟಿದ ಸೀನು ಬೇರೆ. ಕಪ್ಪುಕುಳಿಯ ಪಕ್ಕದ ಆ ನೀರಿನ ಗ್ರಹದಲ್ಲಿ ಒಂದು ಗಂಟೆ ಅಂದರೆ ಭೂಮಿಯಲ್ಲಿ ಏಳು ವರ್ಷ. ಹೀರೋ ಕೂಪರ್ ನೌಕೆಗೆ ವಾಪಸ್ ಬರುವಷ್ಟರಲ್ಲಿ 23 ವರ್ಷ ಹೋಗಿರುತ್ತದೆ. ಮನೆಯಿಂದ ಬಂದ ವಿಡಿಯೋಗಳನ್ನು ಹಾಕಿಕೊಂಡು ಕೂರುತ್ತಾನೆ. ಮಗ ಓದು ಮುಗಿಸಿದ, ಹುಡುಗಿ ನೋಡಿಕೊಂಡ, ಅಪ್ಪನಾದ. ತಾತ ತೀರಿಕೊಂಡರು. ಉತ್ತರವೇ ಬರದ ಅಪ್ಪನಿಗೆ ಇನ್ನು ಮೆಸೇಜ್ ಕಳಿಸಲ್ಲ ಅಂತ ಮಗ ಕೈಬಿಡುತ್ತಾನೆ. ಆಮೇಲೆ ಅಷ್ಟು ವರ್ಷ ಮಾತೇ ಆಡದಿದ್ದ ಮಗಳು ಬರುತ್ತಾಳೆ. ನೀನು ಹೊರಟಾಗ ನಿನಗೆಷ್ಟು ವಯಸ್ಸೋ ಇವತ್ತು ನನಗೂ ಅಷ್ಟೇ ಅನ್ನುತ್ತಾಳೆ. ಕ್ಯಾಮೆರಾ ಜಾಸ್ತಿ ಹೊತ್ತು ಕೂಪರ್ ಪಾತ್ರದ ಮ್ಯಾಥ್ಯೂ ಮೆಕಾನಹೇ ಮುಖದ ಮೇಲೇ ಇರುತ್ತದೆ. ಅಳು, ಅಷ್ಟೇ. ಮಗ ಹೊರದೇಶದಲ್ಲಿ ನೆಲೆಸಿರುವ ಯಾವ ಅಪ್ಪ ಅಮ್ಮನಿಗೂ ಈ ಸೀನು ವಿವರಿಸೋಕೆ ವಿಡಿಯೋ ಲಿಂಕ್ ಬೇಡ. ಇದನ್ನು ನೋಡಿಯೂ ಏನೂ ಅನ್ನಿಸದವರು ಇರಬಹುದು. ಅವರಿಗೆ ಅರ್ಥ ಆಗದೆ ಏನಲ್ಲ.

ಈ ದೊಡ್ಡಸ್ತಿಕೆ ತಿರುಗುಮುರುಗಾಗಿಯೂ ನಡೆಯುತ್ತದೆ. 'ಅವತಾರ್' ಇಷ್ಟ ಅಂದರೆ "ಹೀರೋ ಹೆಸರು ಹೇಳು ನೋಡೋಣ" ಅಂತ ಸವಾಲು. ಹೆಸರು ನೆನಪಿಲ್ಲದಿದ್ದರೆ ಖುಷಿಪಟ್ಟಿದ್ದು ಸುಳ್ಳಾ? 2019ರಲ್ಲಿ ಹಿರಿಯ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಮಾರ್ವೆಲ್‌ನ ಸೂಪರ್‌ಹೀರೋ ಚಿತ್ರಗಳು ಸಿನಿಮಾನೇ ಅಲ್ಲ, ಥೀಮ್ ಪಾರ್ಕ್ ಇದ್ದ ಹಾಗೆ ಅಂದರು. ಎಲ್ಲರೂ ಅವರ ಮೇಲೆ ಬಿದ್ದರು. ಅವರು ಆಮೇಲೆ ಪತ್ರಿಕೆಯಲ್ಲಿ ಲೇಖನ ಬರೆದು, ಆ ಚಿತ್ರಗಳಲ್ಲಿ ರಿಸ್ಕ್ ಅನ್ನೋದೇ ಇಲ್ಲ ಅಂತ ಕಾರಣ ಕೊಟ್ಟರು. ಒಪ್ಪಿ, ಇಲ್ಲಾ ಬಿಡಿ, ಕಾರಣವನ್ನಾದರೂ ಕೊಟ್ಟರಲ್ಲ. ಬೈದವರಲ್ಲಿ ಅದನ್ನು ಓದಿದವರೆಷ್ಟೋ!

ಇನ್ನು ವಿಮರ್ಶೆಗಳನ್ನು ಒಟ್ಟುಹಾಕುವ ರಾಟನ್ ಟೊಮ್ಯಾಟೋಸ್ ವೆಬ್‌ಸೈಟಿನ ಸ್ಕ್ರೀನ್‌ಶಾಟ್ ತರುವವರು. ಅಲ್ಲಿ 90% ಅಂದರೆ ಹತ್ತಕ್ಕೆ ಒಂಬತ್ತು ಅಂಕ ಅಲ್ಲ. ನೂರರಲ್ಲಿ ತೊಂಬತ್ತು ವಿಮರ್ಶಕರು 'ಪರವಾಗಿಲ್ಲ' ಅಂದರೂ ಅಷ್ಟೇ ಬರುತ್ತದೆ. 2017ರ ಸ್ಟಾರ್ ವಾರ್ಸ್ ಸಿನಿಮಾ 'ದ ಲಾಸ್ಟ್ ಜೆಡೈ'ಗೆ ವಿಮರ್ಶಕರದ್ದು 90ರ ಮೇಲೆ, ಪ್ರೇಕ್ಷಕರದ್ದು 50ರ ಕೆಳಗೆ. ಆ ಎರಡು ಅಂಕಿ ಇಟ್ಟುಕೊಂಡು ಏನು ಮಾಡೋದು? ನಿಜವಾದ ಜಗಳ ಇದ್ದದ್ದು ಹಳೇ ಸ್ಟಾರ್ ವಾರ್ಸ್ ಹೀರೋ ಲ್ಯೂಕ್ ಸ್ಕೈವಾಕರ್ ಎಲ್ಲ ಬಿಟ್ಟು ಒಂದು ದ್ವೀಪದಲ್ಲಿ ಹೋಗಿ ಕೂತನಲ್ಲ, ಅದರ ಬಗ್ಗೆ. ಆ ಪಾತ್ರ ಮಾಡಿದ ಮಾರ್ಕ್ ಹ್ಯಾಮಿಲ್‌ಗೇ ಅದು ಸರಿ ಅನ್ನಿಸಿರಲಿಲ್ಲ. ಅವರಿಗೂ "ಅರ್ಥ ಆಗಿಲ್ಲ ಗುರು" ಅಂತೀರಾ?

ಕಾಮೆಂಟ್‌ನಲ್ಲಿ ಬೈಯೋರು ಬೈಯಿರಿ, ಆದರೆ ಯಾವ ಸೀನು ಅಂತ ಹೇಳಿ ಬೈಯಿರಿ. 'ಇಂಟರ್‌ಸ್ಟೆಲ್ಲರ್' ಕೊನೆಯಲ್ಲಿ ಬರುವ ಪುಸ್ತಕದ ಕಪಾಟಿನ ಸೀನಿನ ವಿಷಯ ಆದರೆ ಅರ್ಧ ನಾನೂ ನಿಮ್ಮ ಜೊತೆ ಸೇರ್ಕೋತೀನಿ. ಟಾರ್ಸ್ ಅನ್ನೋ ಆ ರೋಬೋ ತಂಟೆಗೆ ಮಾತ್ರ ಬರಬೇಡಿ.